‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗ ನುಡಿಸುವುದು ಹೇಗೆ: ಬೆರಳು, ಪೆಡಲ್ ಮತ್ತು ಕಿವಿಗೆ ಒಂದು ಸಮಗ್ರ ಮಾರ್ಗದರ್ಶಿ

ಪಿಯಾನೊ ಕಲಿಯಲು ಕೂತವರಲ್ಲಿ ಬಹಳ ಮಂದಿ ಒಂದಲ್ಲ ಒಂದು ದಿನ ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾದ ಪುಟ ತೆರೆಯುತ್ತಾರೆ. ಮೊದಲ ಭಾಗ ನಿಧಾನಗತಿಯದು. ಎಲ್ಲಿಯೂ ಓಟವಿಲ್ಲ, ಪುಟದ ಮೇಲೆ ಸ್ವರಗಳು ಮುತ್ತಿಕೊಂಡಿಲ್ಲ. ಮೊದಲ ನಾಲ್ಕು ಬಾರ್‌ಗಳು (ಪುಟದ ಮೇಲಿನ ಲಂಬ ಗೆರೆಗಳ ನಡುವಿನ ಖಾನೆಗಳು) ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತವೆ. ಐದನೆಯ ಬಾರ್‌ನ ಕೊನೆಗೆ ಮೇಲಿನ ಮೆಲೊಡಿ ಶುರುವಾದಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. ಬಲಗೈಯ ಒಳಬದಿಯ ಬೆರಳುಗಳು ಮೂರು ಮೂರು ಸ್ವರಗಳ ಗುಂಪನ್ನು, ಅಂದರೆ ಟ್ರಿಪ್ಲೆಟ್‌ಗಳನ್ನು, ಬಹಳ ಮೆತ್ತಗೆ ಸಾಗಿಸುತ್ತಿರಬೇಕು, ಅದೇ ಕೈಯ ಕಿರುಬೆರಳು ಹಾಡಬೇಕು. ಸ್ವರಗಳೆಲ್ಲ ಸರಿಯಾಗಿ ಬೀಳುತ್ತವೆ, ಸಂಗೀತ ಮಾತ್ರ ಕೇಳಿಸುವುದಿಲ್ಲ ಎಂಬ ಸ್ಥಿತಿಗೆ ವಿದ್ಯಾರ್ಥಿಗಳು ಬಂದು ನಿಲ್ಲುವುದು ಇಲ್ಲಿಯೇ.

ಕೈಯ ತೊಡಕು ಬೇರೆ, ಭಾವದ ತೊಡಕು ಬೇರೆ ಎಂದು ವಿಂಗಡಿಸಿ, ‘ಮೊದಲು ಸ್ವರ ಕೂರಲಿ, ಭಾವ ಆಮೇಲೆ ಸೇರಿಸೋಣ’ ಎನ್ನುವ ಕ್ರಮ ಈ ಕೃತಿಯಲ್ಲಿ ನಡೆಯುವುದಿಲ್ಲ. ಯಾವ ದನಿ ಮುಂದಿರಬೇಕು ಎಂದು ಕಿವಿ ತೀರ್ಮಾನಿಸುವವರೆಗೆ, ಕೈಯ ಭಾರ ಯಾವ ಬೆರಳಿಗೆ ಇಳಿಯಬೇಕೆಂಬುದೇ ಗೊತ್ತಾಗುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ.

ಎರಡೂ ಕ್ಲೆಫ್‌ಗಳ ಸ್ಟಾಫ್ ನೊಟೇಶನ್ ಓದಲು ಬರಬೇಕು, ಸಿ ಶಾರ್ಪ್ ಮೈನರ್ ಸ್ಕೇಲ್ ಕೈಗೆ ಪರಿಚಯವಿರಬೇಕು. ವಾದ್ಯ ಡಿಜಿಟಲ್ ಆದರೂ ಅಡ್ಡಿಯಿಲ್ಲ. ಆದರೆ 88 ಕೀಗಳಿರಲಿ, ಕೀಗಳಿಗೆ ಭಾರವಿರಲಿ, ಪೆಡಲ್ ಅರ್ಧ ಒತ್ತಿದ್ದನ್ನೂ ಗ್ರಹಿಸುವಂಥದ್ದಾಗಿರಲಿ. ಕೀಬೋರ್ಡ್‌ಗಳ ಜೊತೆ ಬರುವ ಅಗ್ಗದ ಪೆಡಲ್‌ಗಳು ಸಾಮಾನ್ಯವಾಗಿ ಬರೀ ಸ್ವಿಚ್‌ಗಳು, ಒಂದೋ ಹತ್ತಿದೆ, ಇಲ್ಲವೇ ಆರಿದೆ. ಅಂಥದ್ದರಲ್ಲಿ ಈ ಮಾರ್ಗದರ್ಶಿಯ ಏಳನೆಯ ಹಂತ ಅಭ್ಯಾಸ ಮಾಡಲು ಆಗುವುದಿಲ್ಲ.

ಹಂತ 1: ಕೈ ಇಡುವ ಮೊದಲು ಪುಟ ಓದಿ

ಈ ಸೊನಾಟಾ 1801ರಲ್ಲಿ ರಚನೆಯಾಗಿ 1802ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯಿತು. ಓಪಸ್ 27ರ ಎರಡನೆಯ ಕೃತಿ. ಅರ್ಪಣೆ ಬೀಥೋವನ್‌ನ ವಿದ್ಯಾರ್ಥಿನಿ, ಕೌಂಟೆಸ್ ಜೂಲಿಯೆಟ್ಟಾ ಗುಯಿಚಾರ್ಡಿಗೆ. ಶೀರ್ಷಿಕೆಯಲ್ಲಿ ಬೀಥೋವನ್ ಬರೆದದ್ದು ‘ಫ್ಯಾಂಟಸಿಯಂಥ ಸೊನಾಟಾ’ ಎಂದು ಮಾತ್ರ. ಬೆಳದಿಂಗಳ ಹೆಸರು ಅವನದಲ್ಲ. ವಿಮರ್ಶಕ ಲುಡ್ವಿಗ್ ರೆಲ್‌ಶ್ಟಾಬ್ ಇದನ್ನು ಬೆಳದಿಂಗಳಿನಲ್ಲಿ ತೋಯ್ದ ಸರೋವರಕ್ಕೆ ಹೋಲಿಸಿದ್ದರಿಂದ ಅಂಟಿಕೊಂಡ ಹೆಸರು ಅದು. ಬೀಥೋವನ್ 1827ರಲ್ಲಿ ತೀರಿಕೊಂಡ ಮೇಲೆಯೇ ಅದು ಜನರ ಬಾಯಿಗೆ ಬಂದದ್ದು. ಈ ಹೆಸರಿನಿಂದ ಆಗಿರುವ ನಷ್ಟ ಸಣ್ಣದಲ್ಲ. ಸರೋವರ, ದೋಣಿ, ತಣ್ಣನೆ ಗಾಳಿ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಕೂತರೆ ಟ್ರಿಪ್ಲೆಟ್‌ಗಳು ಜೋಕಾಲಿಯಾಗುತ್ತವೆ, ಹಾರ್ಮನಿಯೊಳಗಿನ (ಒಟ್ಟಿಗೆ ಕೇಳುವ ಸ್ವರಗಳ ಕೂಟದೊಳಗಿನ) ನೋವು ಕೇಳುವುದೇ ಇಲ್ಲ.

ಬೇರೊಂದು ಚಿತ್ರ ಬೇಕೆನಿಸಿದರೆ, ಪಿಯಾನಿಸ್ಟ್ ಎಡ್ವಿನ್ ಫಿಶರ್ ಗಮನಕ್ಕೆ ತಂದದ್ದೊಂದಿದೆ. ಮೊಟ್ಸಾರ್ಟ್‌ನ ‘ಡಾನ್ ಜೊವಾನಿ’ ಒಪೆರಾದಲ್ಲಿ ಸೇನಾಧಿಕಾರಿ ಕತ್ತಿಯೇಟಿಗೆ ಬಿದ್ದು ಸಾಯುವ ದೃಶ್ಯವಿದೆ. ಅಲ್ಲಿನ ಟ್ರಿಪ್ಲೆಟ್‌ಗಳನ್ನು ಬೀಥೋವನ್ ತನ್ನ ಕೈಯಾರೆ ಸಿ ಶಾರ್ಪ್ ಮೈನರ್‌ಗೆ ಬದಲಾಯಿಸಿ ನಕಲು ಮಾಡಿಕೊಂಡಿದ್ದ ಹಾಳೆಯನ್ನು ಫಿಶರ್ ನೋಡಿದ್ದರು. ಇದೊಂದರಿಂದಲೇ ಇದನ್ನು ಶೋಕಗೀತೆ ಎಂದು ಸಾಧಿಸಲಾಗದು. ಆದರೂ ನೂರು ಚಂದ್ರರಿಗಿಂತ ಇದು ಕೈಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಒಟ್ಟು 69 ಬಾರ್‌ಗಳಿವೆ. ಇಡೀ ಭಾಗದಲ್ಲಿ ‘ಫೋರ್ಟೆ’, ಅಂದರೆ ಜೋರಾಗಿ, ಎಂಬ ಗುರುತು ಎಲ್ಲಿಯಾದರೂ ಇದೆಯೇ ಹುಡುಕಿ, ಸಿಗುವುದಿಲ್ಲ. ಮೂರನೆಯ ಬಾರ್‌ನ ಎರಡನೆಯ ಅರ್ಧದಲ್ಲಿ ಬರುವ ಡಿ ನ್ಯಾಚುರಲ್‌ಗೆ ಸುತ್ತು ಹಾಕಿ. 16 ಮತ್ತು 18ನೆಯ ಬಾರ್‌ಗಳಲ್ಲಿ ಬಿ ಸ್ವರಕ್ಕೆ ಉಜ್ಜಿಕೊಂಡು ನಿಲ್ಲುವ ಸಿ ನ್ಯಾಚುರಲ್‌ಗೂ ಸುತ್ತು ಹಾಕಿ. 28ರಿಂದ ಹೆಚ್ಚುಕಡಿಮೆ 40ರವರೆಗೆ ಎಡಗೈ ಜಿ ಶಾರ್ಪ್‌ಗೆ ಅಂಟಿಕೊಂಡಿರುವುದನ್ನು, 42ರಲ್ಲಿ ಮೊದಲ ಮೆಲೊಡಿ ಮರಳುವುದನ್ನು, 60ರಲ್ಲಿ ಆ ಮೆಲೊಡಿಯ ಚುಕ್ಕೆ ಲಯ (ಚುಕ್ಕೆಯಿಟ್ಟ ಸ್ವರ, ಅದರ ಬೆನ್ನಿಗೆ ಕಿರು ಸ್ವರ) ಎಡಗೈಗೆ ಇಳಿಯುವುದನ್ನು ಗುರುತಿಸಿ. ನಿಮ್ಮ ಮುಂದಿನ ಎಲ್ಲ ತೀರ್ಮಾನಗಳು ಈ ಐದಾರು ಗುರುತುಗಳ ಸುತ್ತ ನಡೆಯುತ್ತವೆ.

ಹಂತ 2: ಕೂರುವುದು

ಮೊಣಕೈ ಕೀಗಳ ಮಟ್ಟಕ್ಕೆ, ಅಥವಾ ಕೂದಲೆಳೆಯಷ್ಟು ಮೇಲೆ ಇರಬೇಕು. ಸ್ಟೂಲಿನ ಮುಂದಿನ ಅರ್ಧದಲ್ಲಿ ಕೂರಿ, ಅಂಗಾಲು ನೆಲಕ್ಕೆ ಊರಿರಲಿ. ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕೂರುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಅದು ಸಾಮಾನ್ಯವಾಗಿ ತಗ್ಗಾಗಿರುತ್ತದೆ. ಮಣಿಕಟ್ಟು ಕೆಳಗೆ ಜೋತುಬಿದ್ದು ಕಿರುಬೆರಳಿಗೆ ತೋಳಿನ ಆಸರೆಯೇ ತಪ್ಪಿಹೋಗುತ್ತದೆ. ಈ ಕೃತಿಯಲ್ಲಿ ಕಿರುಬೆರಳೇ ಗಾಯಕ.

ಹಂತ 3: ಮೆತ್ತಗೆ ನುಡಿಸುವುದು ಎಂದರೆ ಏನು

ಪಿಯಾನೊದಲ್ಲಿ ಸದ್ದಿನ ಪ್ರಮಾಣವನ್ನು ನಿರ್ಧರಿಸುವುದು ಕೀ ಕೆಳಗಿಳಿಯುವ ವೇಗ. ಕೀ ಸುಮಾರು 10 ಮಿಲಿಮೀಟರ್ ಇಳಿಯುತ್ತದೆ. ಆ ಹಾದಿಯ ಕೊನೆಗೆ ಬರುವ ಮೊದಲೇ, ಸುತ್ತಿಗೆ ತಂತಿಯಿಂದ ಒಂದೆರಡು ಮಿಲಿಮೀಟರ್ ದೂರವಿರುವಾಗ, ಅದು ಕೀಯ ಹಿಡಿತದಿಂದ ಬಿಡಿಸಿಕೊಂಡು ತಾನೇ ಹಾರಿ ತಂತಿಗೆ ಬಡಿಯುತ್ತದೆ. ಆಮೇಲೆ ನೀವು ಕೀಯನ್ನು ಎಷ್ಟು ಒತ್ತಿದರೂ ಆ ಸ್ವರಕ್ಕೆ ಏನೂ ಆಗುವುದಿಲ್ಲ. ತಳ ಮುಟ್ಟಿದ ಮೇಲೂ ಒತ್ತುತ್ತಲೇ ಇರುವುದು ಬರೀ ಸ್ನಾಯುವಿಗೆ ದಂಡ.

ಗ್ರ್ಯಾಂಡ್ ಪಿಯಾನೊ ಸಿಕ್ಕರೆ ಇದನ್ನು ಬೆರಳಿನಲ್ಲೇ ತಿಳಿಯಬಹುದು. ಒಂದು ಕೀಯನ್ನು ಸದ್ದೇ ಬರದಷ್ಟು ನಿಧಾನವಾಗಿ ಇಳಿಸಿ. ತಳಕ್ಕೆ ಸ್ವಲ್ಪ ಮೊದಲು ಸಣ್ಣದೊಂದು ತಡೆ ಸಿಗುತ್ತದೆ, ಸುತ್ತಿಗೆ ಕಳಚಿಕೊಳ್ಳುವ ಜಾಗ ಅದು. ‘ಪಿಯಾನಿಸ್ಸಿಮೊ’, ಅಂದರೆ ಅತಿ ಮೆತ್ತಗೆ, ನುಡಿಸುವಾಗ ನೀವು ಗುರಿಯಿಡಬೇಕಾದದ್ದು ಆ ತಡೆಗೆ, ಮರದ ತಳಕ್ಕಲ್ಲ. ಮೆತ್ತಗೆ ನುಡಿಸಬೇಕೆಂದು ಬೆರಳನ್ನು ಸಡಿಲಬಿಟ್ಟು ಸವರುವವರಿಗೆ ಅರ್ಧ ಸ್ವರಗಳು ಹುಟ್ಟುವುದೇ ಇಲ್ಲ. ಬೆರಳ ತುದಿ ಗಟ್ಟಿಯಾಗಿರಲಿ, ಇಳಿಯುವುದು ಮಾತ್ರ ನಿಧಾನವಾಗಲಿ.

ಅಭ್ಯಾಸ ಹೀಗೆ: ಮೊದಲ ಬಾರ್‌ನ ಟ್ರಿಪ್ಲೆಟ್, ಅಂದರೆ ಜಿ ಶಾರ್ಪ್, ಸಿ ಶಾರ್ಪ್, ಇ, ಮೂರನ್ನೂ ಒಟ್ಟಿಗೆ ಕಾರ್ಡ್ ಆಗಿ ನುಡಿಸಿ. ಪ್ರತಿ ಸಲ ಇನ್ನಷ್ಟು ಮೆಲ್ಲಗೆ. ಒಂದು ಸ್ವರ ಮಾಯವಾಗುವ ಮಿತಿಗೆ ಬಂದಾಗ ಒಂದು ಕೂದಲೆಳೆ ಮೇಲೆ ಬನ್ನಿ. ನಿಮ್ಮ ವಾದ್ಯದಲ್ಲಿ ಟ್ರಿಪ್ಲೆಟ್‌ಗಳು ಇರಬೇಕಾದ ಮಟ್ಟ ಅದು. ಬೇರೆ ಪಿಯಾನೊದ ಮುಂದೆ ಕೂತಾಗ ಈ ಮಿತಿಯನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ. ಪಿಟೀಲು ವಾದಕರು ತಮ್ಮ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಪಿಯಾನೊ ನುಡಿಸುವವರು ಸಭಾಂಗಣದವರು ಇಟ್ಟದ್ದನ್ನು ಒಪ್ಪಿಕೊಳ್ಳಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ತೇವಕ್ಕೆ ಮರ ಉಬ್ಬಿ ಕೀಗಳು ಅಂಟಿಕೊಂಡಿರುವ ಪಿಯಾನೊ ಸಿಕ್ಕರೆ ಅದಕ್ಕೂ ಸಿದ್ಧರಿರಬೇಕು.

ಹಂತ 4: ಒಂದೇ ಕೈಯಲ್ಲಿ ಎರಡು ದನಿ

ಮಾರ್ಗದರ್ಶಿಯ ಹೃದಯ ಇದು. ಆತುರ ಬೇಡ, ವಾರಗಳೇ ಹಿಡಿಯಲಿ.

ಐದನೆಯ ಬಾರ್‌ನ ಕೊನೆಯಿಂದ ಒಂಬತ್ತನೆಯ ಬಾರ್‌ವರೆಗೆ ಮಾತ್ರ ತೆಗೆದುಕೊಳ್ಳಿ. ಮೊದಲು ಮೇಲಿನ ಮೆಲೊಡಿಯನ್ನಷ್ಟೇ ಐದನೆಯ ಬೆರಳಿನಿಂದ, ಬೇಕಾದ ಕಡೆ ನಾಲ್ಕನೆಯದರಿಂದ ನುಡಿಸಿ. ಬೇರೆ ಬೆರಳುಗಳಿಂದ ಇದು ಇನ್ನೂ ಸುಲಭ, ಆದರೆ ಕೊನೆಗೆ ಬಳಸುವ ಬೆರಳುಗಳಿಗೇ ಈಗಿನಿಂದ ರೂಢಿಯಾಗಬೇಕು. ನುಡಿಸುತ್ತ ಬಾಯಲ್ಲಿ ಹಾಡಿ. ಕಂಠ ಚೆನ್ನಾಗಿಲ್ಲ ಎಂಬ ನೆಪ ಬೇಡ, ಕೇಳುವವರು ಯಾರೂ ಇಲ್ಲ.

ಎರಡನೆಯದಾಗಿ, ಮೆಲೊಡಿಯನ್ನು ಪೂರ್ಣ ದನಿಯಲ್ಲಿ ನುಡಿಸುತ್ತ, ಟ್ರಿಪ್ಲೆಟ್‌ಗಳ ಕೀಗಳನ್ನು ಸದ್ದು ಬರದಂತೆ ಬರೀ ಮುಟ್ಟಿ. ಮೊದಮೊದಲು ನಗು ಬರುವಷ್ಟು ಕಷ್ಟ. ಹೆಬ್ಬೆರಳು ಹೇಳಿದ ಮಾತು ಕೇಳುವುದಿಲ್ಲ, ಅದಕ್ಕೆ ದನಿಯೆತ್ತುವುದೊಂದೇ ಗೊತ್ತು. ಮೂರನೆಯದಾಗಿ, ಮೆಲೊಡಿಯ ಸ್ವರವನ್ನು ಹಿಡಿದುಕೊಂಡೇ ಟ್ರಿಪ್ಲೆಟ್‌ಗಳನ್ನು ಚಿಕ್ಕದಾಗಿ ಕತ್ತರಿಸಿ, ಸ್ಟಕಾಟೊ ಆಗಿ ನುಡಿಸಿ. ಕೈಯ ಎರಡು ಭಾಗಗಳು ಬೇರೆ ಬೇರೆ ಕೆಲಸ ಮಾಡುವುದನ್ನು ಇದು ಕಲಿಸುತ್ತದೆ. ನಾಲ್ಕನೆಯದಾಗಿ ಎಲ್ಲವನ್ನೂ ತಲೆಕೆಳಗು ಮಾಡಿ, ಟ್ರಿಪ್ಲೆಟ್ ಜೋರು, ಮೆಲೊಡಿ ಪಿಸುಮಾತು. ಕೆಟ್ಟದಾಗಿ ಕೇಳಿಸುತ್ತದೆ. ಆದರೂ ಬಿಡಬೇಡಿ. ಬೇಕೆಂದೇ ತಪ್ಪಾಗಿ ನುಡಿಸಲು ಬರುವವರಿಗೆ ಮಾತ್ರ ಸರಿಯಾಗಿ ನುಡಿಸುವ ಹಿಡಿತ ಇರುತ್ತದೆ.

ಇಷ್ಟಾದ ಮೇಲೆ ಎರಡನ್ನೂ ಕೂಡಿಸಿ. ಆಗ ಕೈಯನ್ನು ಗಮನಿಸಿ. ಅಂಗೈ ಕಿರುಬೆರಳಿನ ಕಡೆಗೆ ತುಸು ವಾಲಿರಬೇಕು, ತೋಳಿನ ಭಾರ ಆ ಕಡೆಗೆ ಹರಿಯಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಕೀಗಳ ಮೇಲಿಂದ ಏಳದೆ ಅಲ್ಲಲ್ಲಿಯೇ ಇಳಿದು ಬರಬೇಕು. ಮೆಲೊಡಿಯ ಬೆರಳನ್ನು ಎತ್ತಿ ಹೊಡೆದರೆ ದನಿ ಏನೋ ಮುಂದೆ ಬರುತ್ತದೆ, ಆದರೆ ಹಾಡಿನ ಬದಲು ಗಂಟೆ ಹೊಡೆದಂತಾಗುತ್ತದೆ.

ಮೆಲೊಡಿ ಶುರುವಾಗುವುದೇ ಒಂದೇ ಸ್ವರದ ಪುನರಾವರ್ತನೆಯಿಂದ: ಜಿ ಶಾರ್ಪ್, ಜಿ ಶಾರ್ಪ್, ಜಿ ಶಾರ್ಪ್. ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತುತ್ತ ಕಡಿಯದೆ ಹಾಡುವುದು ಹೇಗೆ? ಇಲ್ಲಿ ವಾದ್ಯದ ರಚನೆ ತಿಳಿದಿರಬೇಕು. ಪ್ಯಾರಿಸ್‌ನ ಸೆಬಾಸ್ಟಿಯನ್ ಎರಾರ್ಡ್‌ನ ಸಂಸ್ಥೆ 1821ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯ ವಂಶದಲ್ಲೇ ಇಂದಿನ ಗ್ರ್ಯಾಂಡ್ ಪಿಯಾನೊಗಳ ಯಂತ್ರಾಂಗವಿದೆ. ಅದರಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಅದನ್ನು ಮತ್ತೆ ಇಳಿಸಿದರೂ ಸುತ್ತಿಗೆ ಸಿದ್ಧವಾಗಿರುತ್ತದೆ. ಹಾಗಾಗಿ ಬೆರಳನ್ನು ಕೀಯಿಂದ ಬಿಡಿಸದೆ, ಅರ್ಧಕ್ಕೆ ಏರಲು ಬಿಟ್ಟು ಮತ್ತೆ ಇಳಿಸಬಹುದು. ಗೋಡೆಗೆ ಒರಗಿಸುವ ಅಪ್‌ರೈಟ್ ಪಿಯಾನೊದಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಕೀಯನ್ನು ಬಹುಪಾಲು ಮೇಲೆ ಬರಲು ಬಿಡಬೇಕು, ನಡುವಿನ ಅಂತರವನ್ನು ಪೆಡಲ್ ತುಂಬಬೇಕು. ಈ ವ್ಯತ್ಯಾಸ ತಿಳಿಯದೆ ‘ನನ್ನ ಬೆರಳೇ ಸರಿಯಿಲ್ಲ’ ಎಂದು ಕೊರಗುವವರಿದ್ದಾರೆ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಇನ್ನೊಂದು ಕಸಿವಿಸಿಯಿದೆ. ಪಿಯಾನೊದಲ್ಲಿ ಗಮಕವಿಲ್ಲ, ಜಾರು ಇಲ್ಲ. ಸ್ವರ ಹುಟ್ಟಿದ ಕ್ಷಣದಿಂದ ಸಾಯುತ್ತ ಹೋಗುತ್ತದೆ, ಮಧ್ಯದಲ್ಲಿ ಅದಕ್ಕೆ ಜೀವ ತುಂಬಲು ದಾರಿಯಿಲ್ಲ. ಹಾಡುವ ಭ್ರಮೆ ಹುಟ್ಟಿಸಲು ಉಳಿದಿರುವ ಉಪಾಯ ಒಂದೇ. ಹಿಂದಿನ ಸ್ವರ ಕ್ಷೀಣಿಸಿ ಯಾವ ಮಟ್ಟಕ್ಕೆ ಬಂದಿದೆಯೋ ಆ ಮಟ್ಟದಿಂದಲೇ ಮುಂದಿನ ಸ್ವರ ಹುಟ್ಟಬೇಕು. ಆರನೆಯ ಬಾರ್‌ನ ಉದ್ದನೆಯ ಜಿ ಶಾರ್ಪ್ ಮುಗಿಯುವ ಹೊತ್ತಿಗೆ ಎಷ್ಟು ಉಳಿದಿದೆ ಎಂದು ಕಿವಿಗೊಟ್ಟು ಕೇಳಿ, ಅದಕ್ಕೆ ಅಂಟಿಸಿದಂತೆ ಮುಂದಿನದನ್ನು ಇಡಿ. ಕೈಗೆ ಇದನ್ನು ಯಾರೂ ಕಲಿಸಲಾರರು, ಕಿವಿ ಕೇಳಿದರೆ ಕೈ ತಾನಾಗಿ ಮಾಡುತ್ತದೆ.

ಹಂತ 5: ಎಡಗೈ

ಎಡಗೈಗೆ ಉದ್ದನೆಯ ಆಕ್ಟೇವ್‌ಗಳು, ಅಂದರೆ ಒಂದೇ ಹೆಸರಿನ ಕೆಳಗಿನ ಮತ್ತು ಮೇಲಿನ ಸ್ವರಗಳು ಒಟ್ಟಿಗೆ. ಕೆಳಗಿನ ಸ್ವರ ಮುಂದಿರಲಿ, ಹೆಬ್ಬೆರಳಿನದು ಅದರ ನೆರಳಾಗಿರಲಿ. ಸಾಧ್ಯವಿದ್ದ ಕಡೆ ಕಪ್ಪು ಕೀಗೆ ನಾಲ್ಕನೆಯ ಬೆರಳು, ಬಿಳಿ ಕೀಗೆ ಐದನೆಯ ಬೆರಳು ಬಳಸಿದರೆ ಕೆಳಗಿನ ಸಾಲು ಕಡಿಯದೆ ಸಾಗುತ್ತದೆ. ಪ್ರತಿ ಆಕ್ಟೇವ್ ಬಿದ್ದ ಮೇಲೆ ಕೈ ಸಡಿಲವಾಗಲಿ. ಸ್ವರ ಉದ್ದವಿದೆ ಎಂದ ಮಾತ್ರಕ್ಕೆ ಅಷ್ಟು ಹೊತ್ತೂ ಬಿಗಿ ಹಿಡಿದುಕೊಂಡು ಕೂರಬೇಕಾಗಿಲ್ಲ.

ಹಂತ 6: ಕಾಲಪ್ರಮಾಣ, ಮತ್ತು ಒಂದು ಚಿಕ್ಕ ಸ್ವರದ ಜಾಗ

‘ಅಡಾಜಿಯೊ ಸೊಸ್ಟೆನುಟೊ’ (ನಿಧಾನವಾಗಿ, ಸ್ವರಗಳನ್ನು ಹಿಡಿದಿಟ್ಟು) ಎಂಬುದನ್ನು ಎಲ್ಲರೂ ಓದುತ್ತಾರೆ. ಅದರ ಪಕ್ಕದಲ್ಲಿರುವ ಕಾಲಚಿಹ್ನೆಯನ್ನು ಹೆಚ್ಚಿನವರು ನೋಡುವುದಿಲ್ಲ. ಅದು ಸಿ ಅಕ್ಷರದ ಮೇಲೆ ಗೆರೆ ಎಳೆದ ಗುರುತು, ಬಾರ್‌ಗೆ ನಾಲ್ಕಲ್ಲ, ಎರಡು ಎಣಿಕೆ. ನಿಧಾನವೆಂಬುದು ಆ ದೊಡ್ಡ ಎಣಿಕೆಗೆ ಸೇರಿದ್ದು. ಟ್ರಿಪ್ಲೆಟ್‌ನ ಒಂದೊಂದು ಸ್ವರವನ್ನೂ ನಿಧಾನ ಮಾಡಲು ಹೊರಟರೆ ಸಂಗೀತ ನಡೆಯುವುದನ್ನೇ ನಿಲ್ಲಿಸುತ್ತದೆ.

ಲೆಕ್ಕ ನೋಡಿ. ಕ್ವಾರ್ಟರ್ ಸ್ವರಕ್ಕೆ ಮೆಟ್ರೊನೋಮ್ (ಕಾಲ ಎಣಿಸುವ ಸಾಧನ) ನಿಮಿಷಕ್ಕೆ 56 ಇಟ್ಟರೆ 69 ಬಾರ್‌ಗಳು ಸುಮಾರು 5 ನಿಮಿಷದಲ್ಲಿ ಮುಗಿಯುತ್ತವೆ. 40ಕ್ಕೆ ಇಳಿಸಿದರೆ ಸುಮಾರು 7 ನಿಮಿಷ. ಎರಡಕ್ಕೂ ದೊಡ್ಡವರ ಸಾಕ್ಷಿ ಸಿಗುತ್ತದೆ. ಬೀಥೋವನ್ ಇದಕ್ಕೆ ಮೆಟ್ರೊನೋಮ್ ಸಂಖ್ಯೆ ಕೊಟ್ಟಿಲ್ಲ. ತನ್ನ 32 ಸೊನಾಟಾಗಳ ಪೈಕಿ ಅವನು ಅಂಥ ಸಂಖ್ಯೆ ಕೊಟ್ಟದ್ದು ಓಪಸ್ 106ಕ್ಕೆ ಮಾತ್ರ. ನನ್ನ ಒಲವು 52ರಿಂದ 60ರ ನಡುವೆ. ಪರೀಕ್ಷೆ ಸುಲಭ: ಮೆಲೊಡಿಯ ಮೊದಲ ನಾಲ್ಕು ಬಾರ್‌ಗಳನ್ನು ಎರಡು ಉಸಿರಿನಲ್ಲಿ ಹಾಡಲು ಆಗದಿದ್ದರೆ ನಿಮ್ಮ ಕಾಲ ಅತಿ ನಿಧಾನ.

ಇನ್ನು ಆ ಚಿಕ್ಕ ಸ್ವರ. ಮೆಲೊಡಿಯಲ್ಲಿ ಚುಕ್ಕೆಯಿಟ್ಟ ಸ್ವರದ ಬೆನ್ನಿಗೆ ಒಂದು ಕಿರು ಸ್ವರ ಬರುತ್ತದೆ. ಕೆಳಗೆ ಟ್ರಿಪ್ಲೆಟ್ ನಡೆಯುತ್ತಿದೆ. ಕಿರು ಸ್ವರ ಟ್ರಿಪ್ಲೆಟ್‌ನ ಮೂರನೆಯ ಸ್ವರದ ಜೊತೆಗೆ ಬೀಳಬಾರದು, ಅದರ ನಂತರ, ಬೀಟ್‌ನ ಹನ್ನೆರಡನೆಯ ಒಂದು ಪಾಲಿನಷ್ಟು ತಡವಾಗಿ ಬೀಳಬೇಕು. ಪಾಶ್ಚಾತ್ಯ ಪಠ್ಯಗಳು ಇದನ್ನು ವಿವರಿಸಲು ಚಿತ್ರ ಬರೆಯುತ್ತವೆ. ನಮ್ಮಲ್ಲಿ ಲಯಾಭ್ಯಾಸ ಮಾಡಿದವರಿಗೆ ದಾರಿ ಇನ್ನೂ ನೇರವಾಗಿದೆ. ಒಂದು ಕೈಯಿಂದ ಮೇಜಿನ ಮೇಲೆ ‘ತಕಿಟ’ ತಟ್ಟಿ, ಅದೇ ಅವಧಿಯೊಳಗೆ ಬಾಯಲ್ಲಿ ‘ತಕದಿಮಿ’ ಹೇಳಿ. ‘ಟ’ ಬಿದ್ದ ಮೇಲೆ, ಮುಂದಿನ ‘ತ’ ಬರುವ ಮೊದಲು ‘ಮಿ’ ನುಸುಳುತ್ತದಲ್ಲ, ಅದೇ ಜಾಗ. ತಿಶ್ರದ ಮೇಲೆ ಚತುರಶ್ರ ಕೂರಿಸಿ ಗೊತ್ತಿರುವವರಿಗೆ ಐದು ನಿಮಿಷದ ಕೆಲಸ. ಆದರೆ ಈ ಕಿರು ಸ್ವರ ಚುರುಕಾಗಿ, ಸೇನೆಯ ಕಹಳೆಯಂತೆ ಕೇಳಿಸಬಾರದು. ಮುಂದಿನ ಉದ್ದ ಸ್ವರದ ಕಡೆಗೆ ವಾಲಿದ ಉಸಿರಿನಂತಿರಬೇಕು, ಅದಕ್ಕಿಂತ ಹಗುರವಾಗಿಯೇ ಇರಬೇಕು.

ಹಂತ 7: ಪೆಡಲ್

ಇಡೀ ಭಾಗವನ್ನು ಅತ್ಯಂತ ನಾಜೂಕಾಗಿ ಮತ್ತು ‘ಸೆನ್ಸಾ ಸೋರ್ಡಿನೊ’ (ದನಿ ಅಡಗಿಸುವುದಿಲ್ಲದೆ) ನುಡಿಸಬೇಕೆಂದು ಪುಟದ ತಲೆಯಲ್ಲಿ ಇಟಾಲಿಯನ್‌ನಲ್ಲಿ ಬರೆದಿದೆ. ಇದನ್ನು ದನಿ ತಗ್ಗಿಸುವ ಎಡಗಡೆಯ ಪೆಡಲ್ ಬಗ್ಗೆ ಎಂದುಕೊಂಡವರಿದ್ದಾರೆ. ಇಲ್ಲಿ ಮಾತು ಡ್ಯಾಂಪರ್‌ಗಳದು, ತಂತಿಯ ಮೇಲೆ ಕೂತು ಸದ್ದು ನಿಲ್ಲಿಸುವ ಆ ಬಟ್ಟೆಯ ತುಂಡುಗಳದು. ಅವನ್ನು ಎತ್ತಿಡಿ ಎಂದು ಬೀಥೋವನ್ ಹೇಳುತ್ತಿದ್ದಾನೆ, ಇಂದಿನ ಮಾತಿನಲ್ಲಿ ಬಲಗಡೆಯ ಪೆಡಲ್ ಒತ್ತಿಟ್ಟು ನುಡಿಸಿ ಎಂದರ್ಥ.

ಹೇಳಿದಂತೆಯೇ ಮಾಡಿದರೆ ಏನಾಗುತ್ತದೆ? ಒಮ್ಮೆ ಮಾಡಿ ನೋಡಿ. ಇಂದಿನ ಗ್ರ್ಯಾಂಡ್‌ನಲ್ಲಿ ಪೆಡಲ್ ಒತ್ತಿಟ್ಟು ಸಾಮಾನ್ಯ ದನಿಯಲ್ಲಿ ಹತ್ತು ಬಾರ್ ನುಡಿಸಿದರೆ ಎಲ್ಲ ಹಾರ್ಮನಿಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. 1801ರ ವಿಯೆನ್ನಾ ಪಿಯಾನೊದಲ್ಲಿ ಹೀಗಾಗುತ್ತಿರಲಿಲ್ಲ. ಅದರ ಚೌಕಟ್ಟು ಮರದ್ದು, ತಂತಿಗಳು ತೆಳು, ಸುತ್ತಿಗೆಗಳಿಗೆ ಚರ್ಮದ ಹೊದಿಕೆ. ಡ್ಯಾಂಪರ್ ಎತ್ತಲು ಮೊಣಕಾಲಿನಿಂದ ಒತ್ತುವ ಸನ್ನೆ ಇರುತ್ತಿತ್ತು. ಸ್ವರ ಬೇಗ ಆರಿಹೋಗುತ್ತಿದ್ದುದರಿಂದ ಎತ್ತಿಟ್ಟ ಡ್ಯಾಂಪರ್ ತೆಳುವಾದ ಮಬ್ಬನ್ನು ಮಾತ್ರ ಉಳಿಸುತ್ತಿತ್ತು.

ಆದ್ದರಿಂದ ಆಯ್ಕೆ ಎರಡು. ಹಂಗೇರಿಯ ಪಿಯಾನಿಸ್ಟ್ ಆಂದ್ರಾಸ್ ಶಿಫ್ ಆಧುನಿಕ ಪಿಯಾನೊದಲ್ಲಿಯೂ ಬೀಥೋವನ್‌ನ ಮಾತನ್ನು ಅಕ್ಷರಶಃ ಪಾಲಿಸಿ, ಡ್ಯಾಂಪರ್ ಎತ್ತಿಟ್ಟೇ ನುಡಿಸುತ್ತಾರೆ. ಕಾಲವನ್ನೂ ರೂಢಿಗಿಂತ ಮುಂದಕ್ಕೆ ಓಡಿಸುತ್ತಾರೆ. ಕೇಳಲೇಬೇಕಾದ ಪ್ರಯೋಗ ಅದು. ಆದರೆ ಅದು ನಿಲ್ಲುವುದು ಅವರ ಕೈಯ ಹತೋಟಿಯಿಂದ, ನಮ್ಮ ಕೈಯಲ್ಲಿ ಅದು ಕೆಸರಾಗುತ್ತದೆ. ಉಳಿದವರೆಲ್ಲ ಹಿಡಿಯುವ ಎರಡನೆಯ ದಾರಿ ಇದು: ಹಾರ್ಮನಿ ಬದಲಾದಾಗಲೆಲ್ಲ ಪೆಡಲ್ ಬದಲಿಸುವುದು, ಆದರೆ ಪೂರ್ತಿ ಬಿಡದಿರುವುದು.

ಅಭ್ಯಾಸದ ಕ್ರಮ. ಮೊದಲು ಎಡಗೈಯ ಆಕ್ಟೇವ್‌ಗಳನ್ನು ಮಾತ್ರ ತೆಗೆದುಕೊಳ್ಳಿ. ಹೊಸ ಆಕ್ಟೇವ್ ಬಿದ್ದ ಕ್ಷಣದಲ್ಲಿ ಪಾದ ಮೇಲೆ ಬರುತ್ತದೆ, ಅದು ಕೇಳಿಸಿದ ಕೂಡಲೇ ಪಾದ ಮತ್ತೆ ಇಳಿಯುತ್ತದೆ. ಬೆರಳು ಇಳಿಯುವಾಗ ಪಾದ ಏರಬೇಕು. ಇದು ರೂಢಿಯಾದ ಮೇಲೆ ಪಾದ ಏರುವ ಎತ್ತರವನ್ನು ಕಡಿಮೆ ಮಾಡುತ್ತ ಬನ್ನಿ. ಡ್ಯಾಂಪರ್ ತಂತಿಗೆ ಸೋಕಿ ಹಳೆಯ ಸದ್ದನ್ನು ಅರ್ಧ ಒರೆಸಿ ಮತ್ತೆ ಏಳುವ ಒಂದು ಜಾಗ ಸಿಗುತ್ತದೆ. ಹಿಮ್ಮಡಿ ನೆಲ ಬಿಡಬಾರದು. ಬಾರ್ 1ರಿಂದ 2ಕ್ಕೆ ಬಾಸ್ ಸಿ ಶಾರ್ಪ್‌ನಿಂದ ಬಿಗೆ ಇಳಿಯುವಾಗ ಬಲಗೈ ಬದಲಾಗುವುದಿಲ್ಲ, ಅಲ್ಲಿ ಅರ್ಧ ಒರೆಸಿದರೆ ಸಾಕು. ನಾಲ್ಕನೆಯ ಬಾರ್‌ನಲ್ಲಿ ಹಾರ್ಮನಿ ಬೀಟ್‌ಗೊಮ್ಮೆ ಹೊರಳುತ್ತದೆ, ಅಲ್ಲಿ ಹೆಚ್ಚು ಸ್ವಚ್ಛವಾಗಿರಲಿ. ಪೆಡಲ್ ಗುರುತುಗಳನ್ನು ಪುಸ್ತಕದಿಂದ ನಕಲು ಮಾಡಿ ಪ್ರಯೋಜನವಿಲ್ಲ. ನಿಮ್ಮ ಕೋಣೆ, ನಿಮ್ಮ ವಾದ್ಯ, ನಿಮ್ಮ ಕಾಲಪ್ರಮಾಣ ಮೂರೂ ಸೇರಿ ನಿರ್ಧರಿಸುವ ವಿಷಯ ಅದು.

ಎಡಗಡೆಯ ಪೆಡಲ್ ನಿಷಿದ್ಧವಲ್ಲ. ಮೊದಲಿನಿಂದಲೇ ಅದರ ಮೇಲೆ ಕಾಲಿಟ್ಟುಕೊಂಡು ಮೂರನೆಯ ಹಂತದ ಅಭ್ಯಾಸ ತಪ್ಪಿಸಿಕೊಳ್ಳುವುದು ಮಾತ್ರ ಬೇಡ.

ಹಂತ 8: ಕೈಗೆ ಎಟುಕದ ಜಾಗ

ಎಂಟನೆಯ ಬಾರ್‌ನ ಕೊನೆಯ ಬೀಟ್‌ನಲ್ಲಿ ಬಲಗೈಗೆ ಕೆಳಗೆ ಎ, ಮೇಲೆ ಬಿ ಒಟ್ಟಿಗೆ ಬರುತ್ತವೆ. ಆಕ್ಟೇವ್‌ಗಿಂತ ಒಂದು ಕೀ ಹೆಚ್ಚು. ಬಿಳಿ ಕೀಯ ಅಗಲ ಸುಮಾರು 23.5 ಮಿಲಿಮೀಟರ್. ಅಂದರೆ ಒಂಬತ್ತು ಕೀಗಳಿಗೆ 21 ಸೆಂಟಿಮೀಟರ್‌ಗೂ ಮಿಕ್ಕಿದ ಹರವು. ಸಣ್ಣ ಕೈಯವರಿಗೆ ಇದು ಎಟುಕದು, ಇದರಲ್ಲಿ ಅವಮಾನವೇನೂ ಇಲ್ಲ. ಕಳೆದ ಶತಮಾನದ ಮಹಾನ್ ಪಿಯಾನಿಸ್ಟ್ ಜೋಸೆಫ್ ಹಾಫ್‌ಮನ್‌ರ ಕೈ ಚಿಕ್ಕದಿತ್ತು, ಅವರಿಗಾಗಿ ಸ್ಟೈನ್‌ವೇ ಕಂಪನಿ ಕೀಗಳನ್ನು ಕಿರಿದು ಮಾಡಿಕೊಟ್ಟಿತ್ತು.

ನಮಗೆ ಆ ಭಾಗ್ಯವಿಲ್ಲದ್ದರಿಂದ ಕೆಳಗಿನ ಎ ಸ್ವರವನ್ನು ಕ್ಷಣ ಮೊದಲು, ಬಹಳ ಮೆತ್ತಗೆ ನುಡಿಸಿ, ಪೆಡಲ್‌ಗೆ ಒಪ್ಪಿಸಿ, ಮೇಲಿನ ಬಿಯನ್ನು ಸರಿಯಾಗಿ ಬೀಟ್‌ನ ಮೇಲೆ ಇಡಿ. ಕೇಳುವವರ ಗಮನ ಮೆಲೊಡಿಯ ಮೇಲಿರುತ್ತದೆ, ಅದು ಸಮಯಕ್ಕೆ ಬಿದ್ದರೆ ಕೆಳಗಿನ ಮುರಿಕೆ ಕಾಣುವುದಿಲ್ಲ. ಕೈಯನ್ನು ಬಲವಂತವಾಗಿ ಚಾಚಿ ಹಿಡಿಯುವುದು ಮಾತ್ರ ಕೂಡದು. ಚಾಚಿದ ಕೈಗೆ ಮೆತ್ತಗೆ ನುಡಿಸಲು ಬರುವುದಿಲ್ಲ, ಅದು ನೋವಿಗೂ ಹತ್ತಿರದ ದಾರಿ.

ನೋವಿನ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ದಣಿವು ಬೇರೆ, ನೋವು ಬೇರೆ. ಮುಂದೋಳಿನಲ್ಲಿ ಉರಿ, ಬೆರಳಿನಲ್ಲಿ ಜೋಮು, ಮಣಿಕಟ್ಟಿನಲ್ಲಿ ಚುಚ್ಚು ಕಂಡರೆ ಆ ದಿನದ ಅಭ್ಯಾಸ ಮುಗಿಯಿತು. ಮತ್ತೆ ಮತ್ತೆ ಕಂಡರೆ ವೈದ್ಯರಲ್ಲಿಗೆ ಹೋಗಿ. ಪಿಯಾನಿಸ್ಟ್ ಆರ್ಟುರ್ ಶ್ನಾಬೆಲ್‌ರ ಶಿಷ್ಯ, ಅಮೆರಿಕದ ಪಿಯಾನಿಸ್ಟ್ ಲಿಯಾನ್ ಫ್ಲೈಶರ್ ವೃತ್ತಿಯ ಉತ್ತುಂಗದಲ್ಲಿದ್ದಾಗ, 1960ರ ದಶಕದಲ್ಲಿ, ಅವರ ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳು ತಾವಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದವು. ಫೋಕಲ್ ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆ ಅದು. ದಶಕಗಳ ಕಾಲ ಅವರು ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು, ಪಾಠ ಹೇಳಿದರು, ವಾದ್ಯವೃಂದ ನಡೆಸಿದರು. ಎರಡೂ ಕೈಗಳೊಂದಿಗೆ ಅವರು ಹಿಂದಿರುಗಿದ್ದು 1990ರ ದಶಕದಲ್ಲಿ. ನಾವು ಇಲ್ಲಿ ಮೆಲೊಡಿ ಒಪ್ಪಿಸುತ್ತಿರುವುದು ಅದೇ ಎರಡು ಬೆರಳುಗಳಿಗೆ.

ಹಂತ 9: ಏನು ಹೇಳುತ್ತಿದ್ದೀರಿ ಎಂಬುದನ್ನು ತೀರ್ಮಾನಿಸುವುದು

ಮೊದಲ ಹಂತದಲ್ಲಿ ಹಾಕಿದ ಸುತ್ತುಗಳಿಗೆ ಮರಳಿ. ಮೂರನೆಯ ಬಾರ್‌ನ ಡಿ ನ್ಯಾಚುರಲ್ ಈ ಸ್ಕೇಲಿಗೆ ಸೇರಿದ್ದಲ್ಲ, ಹಾರ್ಮನಿ ಇದ್ದಕ್ಕಿದ್ದಂತೆ ಒಳಮುಖವಾಗಿ ಬಣ್ಣ ಬದಲಿಸುತ್ತದೆ. ಅದನ್ನು ಒತ್ತಿ ತೋರಿಸುವವರಿದ್ದಾರೆ. ಅಲ್ಲಿ ಇನ್ನೂ ಮೆತ್ತಗಾದರೆ ಹೆಚ್ಚು ಕೇಳಿಸುತ್ತದೆ ಎಂಬುದು ನನ್ನ ಅನಿಸಿಕೆ. 16ನೆಯ ಬಾರ್‌ನ ಸಿ ನ್ಯಾಚುರಲ್‌ಗೆ ಮಾತ್ರ ಭಾರ ಕೊಡಿ, ಅದು ಕರ್ಕಶವಾಗಿಯೇ ಉಜ್ಜಬೇಕು. ಅದನ್ನು ಸವರಿ ಸಿಹಿ ಮಾಡುವುದು ಬೆಳದಿಂಗಳ ಹೆಸರಿನ ಪ್ರಭಾವ. 18ರಲ್ಲಿ ಅದೇ ಉಜ್ಜುವಿಕೆ ಮತ್ತೆ ಬರುತ್ತದೆ. ಮೊದಲ ಸಲಕ್ಕಿಂತ ಹೆಚ್ಚೋ ಕಡಿಮೆಯೋ, ಎರಡರಲ್ಲಿ ಒಂದನ್ನು ಆರಿಸಿ. ಎರಡೂ ಸಲ ಒಂದೇ ತರಹ ನುಡಿಸುವುದಷ್ಟೇ ತಪ್ಪು.

28ರ ನಂತರ ಬಾಸ್ ಜಿ ಶಾರ್ಪ್ ಬಿಟ್ಟು ಕದಲುವುದಿಲ್ಲ. ಅದರ ಮೇಲೆ ಬಲಗೈ ಏರುತ್ತ ಇಳಿಯುತ್ತ ದಾರಿ ಹುಡುಕುತ್ತದೆ. ಇಲ್ಲಿ ಮೆಲೊಡಿ ಇಲ್ಲ, ಟ್ರಿಪ್ಲೆಟ್‌ಗಳೇ ಮಾತನಾಡಬೇಕು. ಏರುವಾಗ ವೇಗ ಹೆಚ್ಚಿಸುವ ಚಪಲ ಎಲ್ಲರಿಗೂ ಬರುತ್ತದೆ. ಕಾಲವನ್ನು ಹಿಡಿದಿಟ್ಟು, ದನಿಯನ್ನು ಮಾತ್ರ ತುಸು ಹಿಗ್ಗಿಸಿ ಕುಗ್ಗಿಸಿ.

ಧ್ವನಿಮುದ್ರಿಕೆಗಳನ್ನು ಯಾವಾಗ ಕೇಳಬೇಕು? ಈ ಹಂತಕ್ಕೆ ಬಂದ ಮೇಲೆ, ಅದಕ್ಕಿಂತ ಮೊದಲಲ್ಲ. ಒಬ್ಬರನ್ನೇ ಹತ್ತು ಸಲ ಕೇಳುವುದೂ ಬೇಡ. 1930ರ ದಶಕದಲ್ಲಿ 32 ಸೊನಾಟಾಗಳನ್ನೂ ಮೊಟ್ಟಮೊದಲು ಧ್ವನಿಮುದ್ರಿಸಿದ ಆರ್ಟುರ್ ಶ್ನಾಬೆಲ್, ಸರಳವಾಗಿ ಹಾಡಿಸುವ ವಿಲ್ಹೆಲ್ಮ್ ಕೆಂಪ್ಫ್, ಕಾಲವನ್ನು ಬಹುತೇಕ ನಿಲ್ಲಿಸಿಬಿಡುವ ಇಂಗ್ಲೆಂಡಿನ ಸೊಲೊಮನ್, ನಡೆದೇಬಿಡುವ ಶಿಫ್, ಈ ನಾಲ್ವರನ್ನು ಒಂದೇ ಸಂಜೆ ಕೂತು ಕೇಳಿ. ಒಂದೇ ಪುಟ, ನಾಲ್ಕು ಲೋಕಗಳು.

ರಚನೆಕಾರನೇ ನುಡಿಸಿದ್ದು ಸಿಕ್ಕಿದ್ದರೆ ಎಂಬ ಆಸೆ ಹುಟ್ಟುವುದು ಸಹಜ. ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಅಭ್ಯಾಸ ಮಾಡಿದವರು. ಲಂಡನ್‌ನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಮುದಿಯಾಗುತ್ತಿದ್ದ ರಷ್ಯದ ರಚನೆಕಾರ ನಿಕೊಲಾಯ್ ಮೆಡ್ನರ್‌ಗೆ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸುವಂತಾದದ್ದು 1940ರ ದಶಕದ ಕೊನೆಯಲ್ಲಿ ಒಡೆಯರ್ ಕೊಟ್ಟ ಹಣದಿಂದ. ಮೆಡ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದ. ಹೀಗಾಗಿ ಮೆಡ್ನರ್‌ನ ಕೃತಿ ಕಲಿಯುವವರಿಗೆ ಅವನ ಕೈಯ ಸದ್ದೇ ಸಿಗುತ್ತದೆ. ಬೀಥೋವನ್ ವಿಷಯದಲ್ಲಿ ಕಾಗದವೊಂದೇ ಗತಿ, ಅದರಲ್ಲೂ ಈ ಸೊನಾಟಾದ ಹಸ್ತಪ್ರತಿಯ ಮೊದಲ ಹಾಳೆ ಕಳೆದುಹೋಗಿದೆ.

ಹಂತ 10: ಕೊನೆಯ ಪುಟ

60ನೆಯ ಬಾರ್‌ನಲ್ಲಿ ಅದುವರೆಗೆ ಕಿರುಬೆರಳು ಹಾಡುತ್ತಿದ್ದ ಚುಕ್ಕೆ ಲಯ ಎಡಗೈಯ ಆಳಕ್ಕೆ ಇಳಿಯುತ್ತದೆ. ಬಲಗೈಯ ಟ್ರಿಪ್ಲೆಟ್‌ಗಳು ಅದನ್ನು ಮುಚ್ಚಿಹಾಕಬಾರದು. ನಾಲ್ಕನೆಯ ಹಂತದ ಅಭ್ಯಾಸಗಳನ್ನೆಲ್ಲ ಈಗ ಎರಡು ಕೈಗಳ ನಡುವೆ ಮಾಡಿ. ತಂತಿ ದಪ್ಪವಿರುವ ಕಡೆ ಸ್ವಲ್ಪ ಭಾರವೇ ಗದ್ದಲವಾಗುತ್ತದೆ, ಹಾಗಾಗಿ ಇಲ್ಲಿ ಎಡಗೈಗೆ ಬೇಕಾದದ್ದು ಜೋರಲ್ಲ, ಸ್ಪಷ್ಟತೆ.

ಕೊನೆಯ ಎರಡು ಕಾರ್ಡ್‌ಗಳು ‘ಪಿಯಾನಿಸ್ಸಿಮೊ’. ಮೊಬೈಲಿನಲ್ಲಿ ಈ ಭಾಗವನ್ನಷ್ಟೇ ನುಡಿಸಿ ಹಾಕುವವರು ಇಲ್ಲಿ ಕೈಯನ್ನು ನಾಟಕೀಯವಾಗಿ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಬೀಥೋವನ್ ಅಲ್ಲಿ ಬರೆದಿರುವುದು ಬೇರೆ: ‘ಅಟಾಕಾ ಸುಬಿಟೊ’, ಕೂಡಲೇ ಮುಂದಿನದನ್ನು ಹಿಡಿ. ಎರಡನೆಯ ಭಾಗ ಡಿ ಫ್ಲಾಟ್ ಮೇಜರ್‌ನಲ್ಲಿದೆ. ಪಿಯಾನೊದಲ್ಲಿ ಸಿ ಶಾರ್ಪ್ ಮತ್ತು ಡಿ ಫ್ಲಾಟ್ ಒಂದೇ ಕೀ, ಅಂದರೆ ಅದೇ ನೆಲದ ಮೇಲೆ ಮೈನರ್ ಹೋಗಿ ಮೇಜರ್ ಬಂದು ನಿಂತಿದೆ. ಆ ತಿರುವು ಕೇಳಿಸಬೇಕಾದರೆ ನಡುವೆ ಕೆಮ್ಮಲು ಕೂಡ ಬಿಡುವು ಕೊಡಬಾರದು. ಮೂರನೆಯ ಭಾಗ ‘ಪ್ರೆಸ್ಟೊ ಅಜಿಟಾಟೊ’ (ಅತಿ ವೇಗ, ಕಳವಳದಿಂದ), ಮೊದಲ ಭಾಗದಲ್ಲಿ ಅದುಮಿಟ್ಟದ್ದೆಲ್ಲ ಅಲ್ಲಿ ಸಿಡಿಯುತ್ತದೆ. ಅದಕ್ಕೆ ಬೇಕಾದ ವೇಗ ಮತ್ತು ತ್ರಾಣ ಬೇರೆಯೇ ವರ್ಷಗಳ ಮಾತು. ಎರಡನೆಯ ಭಾಗ ಮಾತ್ರ ನಿಮ್ಮ ಅಳವಿನಲ್ಲಿದೆ. ಅದರ ಮೊದಲ ಎಂಟು ಬಾರ್‌ಗಳನ್ನು ಈಗಲೇ ಕಲಿತುಕೊಂಡು, 66ನೆಯ ಬಾರ್‌ನಿಂದ ಶುರುಮಾಡಿ, ಕೈಯನ್ನು ಕೀಗಳ ಮೇಲಿಂದ ಎತ್ತದೆ ಅದರೊಳಕ್ಕೆ ದಾಟುವುದನ್ನು ದಿನವೂ ಅಭ್ಯಾಸ ಮಾಡಿ.